ಕಾಗೆಯ ಕಣ್ಣು ತಪ್ಪಿಸಿ ಕೂರುವುದು ಹೇಗೆ

ಕಾಗೆ ಬೇಟೆಗೆ ಹೋಗುತ್ತೇನೆ ಎಂದರೆ ನಮ್ಮವರು ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ದೂರ ಸರಿದು ಕೂರುತ್ತಾರೆ. ತಿಥಿ ದಿನ ಎಲೆ ಇಟ್ಟು ಕಾಗೆಗಾಗಿ ಕಾಯುವ ಮನೆಯವರಿಗೆ ಈ ಮಾತು ಹೇಗೆ ಕೇಳಿಸುತ್ತದೆ ಎಂಬುದು ನನಗೂ ಗೊತ್ತು. ಆದರೂ ಇಲ್ಲಿ ಅಮೆರಿಕದಲ್ಲಿ, ನನ್ನ ಸುತ್ತಮುತ್ತ ಕೆಲಸಕ್ಕೆ ಬಂದಿರುವ ಕೊಡಗು, ಮಲೆನಾಡಿನ ಹುಡುಗರು "ಅಣ್ಣ, ಒಂದು ಸಲ ಕರ್ಕೊಂಡು ಹೋಗಿ" ಎಂದು ಗಂಟುಬಿದ್ದಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಹುಟ್ಟಿದ್ದು ವಿರಾಜಪೇಟೆ ತಾಲೂಕಿನಲ್ಲಿ, ಈಗಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್ ಕೌಂಟಿಯಲ್ಲಿ. ಕೆಳಗಿನದೆಲ್ಲ ಇಲ್ಲಿಯ ಕಾಗೆ, ಇಲ್ಲಿಯ ಹೊಲ, ಇಲ್ಲಿಯ ಕಾನೂನಿನ ಮಾತು.

ರಜೆಗೆ ಊರಿಗೆ ಹೋದಾಗ ಇದನ್ನು ಮಾಡಲು ಹೋಗಬೇಡಿ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಿಗಳೆಂದು ಹೆಸರಿಸಿದ ಒಂದು ಪಟ್ಟಿ ಇತ್ತು. ಕೆಲವರು ಇನ್ನೂ ಅದನ್ನೇ ಹಿಡಿದುಕೊಂಡು ವಾದಿಸುತ್ತಾರೆ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದ್ದಾರೆ. ಕೊಡಗಿನವರಿಗೆ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ ಕೋವಿಯನ್ನು ಹೆಗಲಿಗೇರಿಸಿ ಕಾಡಿಗೆ ಹೋಗಲು ಅದು ಪರವಾನಗಿ ಅಲ್ಲ.

ಮೊದಲು ಕಾಗದಪತ್ರ

ಎಚ್-1ಬಿ (ಕೆಲಸದ್ದು), ಎಫ್-1 (ಓದಿನದ್ದು) ತರಹದ ತಾತ್ಕಾಲಿಕ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಂಥ ವೀಸಾದವರು ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವಂತಿಲ್ಲ. ಗೆಳೆಯನದ್ದು, ಹತ್ತು ನಿಮಿಷ ಹಿಡಿದುಕೊಂಡಿದ್ದೆ ಅಷ್ಟೇ ಎಂದರೆ ಕೇಳುವುದಿಲ್ಲ. ನಮ್ಮಂಥವರಿಗೆ ಅನ್ವಯಿಸುವ ವಿನಾಯಿತಿ ಒಂದಿದೆ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿಯಲ್ಲಿರಬೇಕು ಎಂಬುದೇ ಇಲ್ಲಿ ಮುಖ್ಯ. ಪೆನ್ಸಿಲ್ವೇನಿಯಾದ ಲೈಸೆನ್ಸ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಹೊಸದನ್ನು ತೆಗೆಸದೆ ಜುಲೈ 1ರಂದು ಕಪಾಟಿನಲ್ಲಿ ಕೋವಿ ಇಟ್ಟುಕೊಂಡಿದ್ದರೆ ಆ ವಿನಾಯಿತಿ ಇಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳುವ ಅಪರಾಧ ಅಲ್ಲ ಅದು, ಜೈಲು ಮತ್ತು ಗಡೀಪಾರಿನ ಮಾತು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಅನುಮಾನವಿದ್ದರೆ ನನ್ನನ್ನು ಕೇಳಬೇಡಿ, ನಿಮ್ಮ ವೀಸಾ ವಕೀಲರನ್ನು ಕೇಳಿ.

ಲೈಸೆನ್ಸ್ ತೆಗೆಯುವ ಮೊದಲು ಹಂಟರ್-ಟ್ರ್ಯಾಪರ್ ಎಜುಕೇಶನ್ ಎಂಬ ತರಗತಿ ಮುಗಿಸಬೇಕು. ಊರಲ್ಲಿ ಕೋವಿ ಜತೆಯೇ ಬೆಳೆದವನು ಎಂದರೂ ಬಿಡುವುದಿಲ್ಲ, ಬಿಡಲೂಬಾರದು. ರಾಜ್ಯದಲ್ಲೇ ವಾಸವಿರುವ ವಯಸ್ಕರಿಗೆ ಲೈಸೆನ್ಸ್ 20.97 ಡಾಲರ್, ಹೊರ ರಾಜ್ಯದವರಿಗೆ ಅದರ ಸುಮಾರು ಐದು ಪಟ್ಟು.

ಅಮೆರಿಕದಲ್ಲಿ ಕಾಗೆ ಬೇಕಾಬಿಟ್ಟಿ ಹೊಡೆಯುವ ಹಕ್ಕಿ ಅಲ್ಲ. ಒಂದು ಕಾಲಕ್ಕೆ ಸರಕಾರದವರೇ ಚಳಿಗಾಲದ ಕಾಗೆ ತೋಪುಗಳಿಗೆ ಡೈನಮೈಟ್ ಕಟ್ಟಿ ಸಿಡಿಸಿದ್ದುಂಟು. 1972ರಲ್ಲಿ ಮೆಕ್ಸಿಕೋ ಜತೆಗಿನ ವಲಸೆ ಹಕ್ಕಿಗಳ ಒಪ್ಪಂದಕ್ಕೆ ಕಾಗೆಯ ಜಾತಿಯೂ ಸೇರಿತು. ಅಲ್ಲಿಂದ ಈಚೆಗೆ ಒಂದು ವರ್ಷದಲ್ಲಿ 124 ದಿನಕ್ಕಿಂತ ಹೆಚ್ಚು ಬೇಟೆಗೆ ಬಿಡುವಂತಿಲ್ಲ, ಗೂಡು ಕಟ್ಟಿ ಮರಿ ಮಾಡುವ ಕಾಲದಲ್ಲಂತೂ ಇಲ್ಲವೇ ಇಲ್ಲ. ಪೆನ್ಸಿಲ್ವೇನಿಯಾ ಆ ದಿನಗಳನ್ನು ಜಾಣತನದಿಂದ ಹಂಚಿಕೊಂಡಿದೆ: ಶುಕ್ರ, ಶನಿ, ಭಾನುವಾರ ಮಾತ್ರ, ಜುಲೈ ಮೊದಲಿನಿಂದ ಏಪ್ರಿಲ್‌ವರೆಗೆ. ದಿನಾಂಕಗಳು ವರ್ಷಕ್ಕೊಮ್ಮೆ ಸ್ವಲ್ಪ ಅತ್ತಿತ್ತ ಆಗುತ್ತವೆ, ಲೈಸೆನ್ಸ್ ಜತೆಗಿನ ನಿಯಮ ಪುಸ್ತಿಕೆ ನೋಡಿಕೊಳ್ಳಿ. ಜನವಾಸದ ಮನೆಯಿಂದ 150 ಗಜದೊಳಗೆ ಮನೆಯವರ ಒಪ್ಪಿಗೆ ಇಲ್ಲದೆ ಬೇಟೆ ಆಡುವಂತಿಲ್ಲ. ಹೊಲದ ಮಧ್ಯೆ ಮನೆ ಇರುವ ಈ ಸೀಮೆಯಲ್ಲಿ ಆ 150 ಗಜ ಸದಾ ಅಡ್ಡ ಬರುತ್ತದೆ. ನಕ್ಷೆಯಲ್ಲಿ ಮೊದಲೇ ಅಳೆದುಕೊಂಡು ಹೋಗಿ.

ಎಲ್ಲಿ ಕೂರಬೇಕು

ಹೊಸಬರು ದುಡ್ಡು ಸುರಿಯುವುದು ಕಾಗೆಯನ್ನು ಸೆಳೆಯಲು ಇಡುವ ಗೊಂಬೆಗಳಿಗೆ, ಕಾಗೆಯಂತೆ ಕೂಗುವ ಯಂತ್ರಕ್ಕೆ. ನನ್ನ ಅನುಭವದಲ್ಲಿ ಮುಕ್ಕಾಲು ಕೆಲಸ ಹಿಂದಿನ ದಿನ ಸಂಜೆಯೇ, ಕಾರಿನಲ್ಲಿ ಕೂತು ಆಕಾಶ ನೋಡುವುದರಲ್ಲೇ ಮುಗಿದಿರುತ್ತದೆ. ಕಾಗೆ ಹೋಗದ ಕಡೆಗೆ ಅದನ್ನು ಕರೆತರುವುದು ಕಷ್ಟ. ಹೇಗೂ ಹಾರಿ ಹೋಗುವ ದಾರಿಯಲ್ಲಿ ಅರ್ಧ ನಿಮಿಷ ಬಗ್ಗಿ ನೋಡುವಂತೆ ಮಾಡುವುದು ಸುಲಭ.

ಚಳಿಗಾಲದಲ್ಲಿ ಉತ್ತರದಿಂದ ಬಂದ ಕಾಗೆಗಳೂ ಸೇರಿಕೊಂಡು ಸಾವಿರಗಟ್ಟಲೆ ಹಕ್ಕಿ ಲ್ಯಾಂಕಸ್ಟರ್ ಊರೊಳಗೆ ರಾತ್ರಿ ತಂಗುತ್ತವೆ. ಪಟ್ಟಣದಲ್ಲಿ ಬೆಳಕಿದೆ, ಸ್ವಲ್ಪ ಬೆಚ್ಚಗಿದೆ, ಗೂಬೆಯ ಕಾಟ ಕಡಿಮೆ. ಬೆಳಗಾಗುತ್ತಿದ್ದಂತೆ ಸಾಲುಸಾಲಾಗಿ ಹೊರಟು ಹತ್ತಾರು ಮೈಲಿ ದೂರದ ಹೊಲಗಳಿಗೆ ಹರಡಿಕೊಳ್ಳುತ್ತವೆ, ಸಂಜೆ ಅದೇ ದಾರಿಯಲ್ಲಿ ವಾಪಸು. ತಂಗುವ ತೋಪಿನ ಹತ್ತಿರ ಕೋವಿ ಒಯ್ಯುವ ಮಾತೇ ಇಲ್ಲ, ಅದು ಊರ ನಡುವೆ. ನಿಮಗೆ ಬೇಕಾದ್ದು ಆ ದಾರಿ. ಕಾಗೆ ನೇರಗೆರೆಯಲ್ಲಿ ಹೋಗುವುದು ಕಡಿಮೆ. ಕಾನೆಸ್ಟೋಗಾ ಹೊಳೆಯ ಬಳುಕು, ಗುಡ್ಡದ ಅಂಚು, ಮರದ ಸಾಲು, ಇಂಥದ್ದನ್ನು ಹಿಡಿದು ಸಾಗುತ್ತದೆ. ಗುರುವಾರ ಸಂಜೆ ಎತ್ತರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಯಾವ ಕೊಟ್ಟಿಗೆಯ ಮೇಲಿಂದ, ಯಾವ ಸೈಲೋ (ಮೇವು ತುಂಬಿಡುವ ಗೋಪುರ) ಪಕ್ಕದಿಂದ ಹಾದವು ಎಂದು ಗುರುತು ಹಾಕಿಕೊಳ್ಳಿ. ಜೋರು ಗಾಳಿಯ ದಿನ ತಗ್ಗಿನಲ್ಲಿ ಹಾರುತ್ತವೆ, ಆ ದಿನವೇ ಒಳ್ಳೆಯದು.

ಹೊಲಗಳಲ್ಲಿ ಎರಡು ಬಗೆ ನೋಡಿ. ಒಂದು, ಮುಸುಕಿನ ಜೋಳ ಕೊಯ್ದ ಕೂಳೆ ಹೊಲ, ಯಂತ್ರದಿಂದ ಉದುರಿದ ಕಾಳು ಅಲ್ಲಿರುತ್ತದೆ. ಇನ್ನೊಂದು, ಆಗಷ್ಟೇ ಹಸಿ ಗೊಬ್ಬರ ಹರಡಿದ ಹೊಲ. ಹಿಮ ಬಿದ್ದಾಗ ಎಲ್ಲ ಕಡೆ ಬೆಳ್ಳಗೆ, ಗೊಬ್ಬರದ ಹೊಲವೊಂದೇ ಕಪ್ಪಗೆ. ಕಾಗೆಗಳೆಲ್ಲ ಅಲ್ಲೇ.

ಇಲ್ಲಿ ಹೈನುಗಾರರಲ್ಲಿ ಬಹಳಷ್ಟು ಮಂದಿ ಆಮಿಶ್ ಜನ, ಹೊಸ ಕಾಲದ ಯಂತ್ರಗಳಿಂದ ಆದಷ್ಟು ದೂರ ಉಳಿಯುವ ಕ್ರೈಸ್ತ ಪಂಗಡದವರು. ಅವರಿಗೆ ಮೆಸೇಜ್ ಕಳಿಸಿ ಅನುಮತಿ ಕೇಳುವ ಹಾಗಿಲ್ಲ. ಮನೆಯೊಳಗೆ ಫೋನ್ ಇಟ್ಟುಕೊಳ್ಳುವುದಿಲ್ಲ, ಹೊರಗೊಂದು ಪುಟ್ಟ ಗೂಡಿನಲ್ಲಿ ಇದ್ದರೂ ಯಾವಾಗ ನೋಡುತ್ತಾರೋ ಗೊತ್ತಿಲ್ಲ. ನೇರವಾಗಿ ಹೋಗಿ ಬಾಗಿಲು ತಟ್ಟಬೇಕು. ಹಾಲು ಕರೆಯುವ ಹೊತ್ತಿಗೆ ಹೋಗಬೇಡಿ, ಭಾನುವಾರವಂತೂ ಅವರ ಅಂಗಳಕ್ಕೆ ಕಾಲಿಡಬೇಡಿ. ಬೇಟೆ ಎಂದಕೂಡಲೇ ಜಿಂಕೆ ಎಂದುಕೊಂಡು ಮುಖ ಗಂಟಿಕ್ಕುತ್ತಾರೆ. "ಕಾಗೆ ಮಾತ್ರ" ಎಂದು ಮೊದಲೇ ಹೇಳಿ, ಸೈಲೇಜ್ ಹೇಗಿದೆ ಎಂದು ವಿಚಾರಿಸಿ. ದನಗಳ ಮೇವನ್ನು ಇವರು ಉದ್ದನೆಯ ಬಿಳಿ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ಹುದುಗು ಹಾಕಿಡುತ್ತಾರೆ. ಕಾಗೆ ಆ ಚೀಲದ ಮೇಲೆ ಕೂತು ಕುಕ್ಕಿದರೆ ತೂತಿನಿಂದ ಗಾಳಿ ಒಳಗೆ ಹೋಗಿ ಸುತ್ತಲಿನ ಮೇವು ಬೂಷ್ಟು ಹಿಡಿಯುತ್ತದೆ. ಟೇಪು ಹಚ್ಚಿ ಹಚ್ಚಿ ಸಾಕಾದ ರೈತ ಬೇಲಿಯ ಗೇಟನ್ನು ತಾನೇ ತೆರೆದುಕೊಡುತ್ತಾನೆ.

ಮರಸು

ಮರಸು ಎಂದರೆ ಬೇಟೆಗೆ ಮರೆಯಲ್ಲಿ ಕೂತು ಕಾಯುವ ಜಾಗ. ಅಜ್ಜ ಹೇಳುತ್ತಿದ್ದ ಹಂದಿ ಮರಸಿನ ಕಥೆಗಳಲ್ಲಿ ಗಾಳಿಯದ್ದೇ ಮಾತು. ಮೈವಾಸನೆ ಎತ್ತ ಹೋಗುತ್ತದೆ, ಬೀಡಿ ಸೇದಬಾರದು, ತಲೆಗೆ ಎಣ್ಣೆ ಹಚ್ಚಬಾರದು. ಕಾಗೆಗೆ ಅದ್ಯಾವುದರ ಗೊಡವೆಯೂ ಇಲ್ಲ. ನೀವು ಒಳಗೆ ಕೂತು ಹಂದಿ ಫ್ರೈ ಡಬ್ಬಿ ಬಿಚ್ಚಿದರೂ ನಡೆಯುತ್ತದೆ. ಅದರ ಬಲವೆಲ್ಲ ಕಣ್ಣಿನಲ್ಲಿ, ಆ ಕಣ್ಣು ನೋಡುವುದು ಮೇಲಿನಿಂದ.

ಅಂಗಡಿಯಲ್ಲಿ ಟರ್ಕಿ ಕೋಳಿಯ ಬೇಟೆಗೆಂದು ಮಾರುವ ಸೊಂಟದೆತ್ತರದ ಪರದೆ ಇದಕ್ಕೆ ಆಗುವುದಿಲ್ಲ. ಟರ್ಕಿ ನೆಲದ ಮೇಲೆ ನಡೆದು ಬರುತ್ತದೆ, ಅದಕ್ಕೆ ಎದುರಿನ ಮರೆ ಸಾಕು. ಕಾಗೆ ಅದೇ ಪರದೆಯ ಮೇಲಿಂದ ಹಾದರೆ ಕಾಣುವುದೇನು? ಬಟ್ಟೆಯ ಒಂದು ವೃತ್ತ, ನಡುವೆ ಮನುಷ್ಯನ ತಲೆ. ಹಾಗಾಗಿ ಚಾವಣಿ ಮೊದಲು, ಗೋಡೆ ಆಮೇಲೆ.

ಹೊಲದಂಚಿನ ಬೇಲಿ ಸಾಲಿನಲ್ಲಿ ಕೆಂಪು ಸೀಡರ್ ಮರ ಹುಡುಕಿ. ಚಳಿಗಾಲದಲ್ಲಿ ಎಲ್ಲ ಮರ ಬೋಳಾದಾಗ ಬೇಲಿಯಲ್ಲಿ ಹಸಿರಾಗಿ, ದಟ್ಟವಾಗಿ ನಿಂತಿರುವುದು ಅದು. ಬುಡಕ್ಕೆ ಬೆನ್ನು ಕೊಟ್ಟು ಕೂತರೆ ಮೇಲಿನ ಕೊಂಬೆಯೇ ಸೂರು. ಐದು ಗ್ಯಾಲನ್ ಬಕೆಟ್ ಬೋರಲು ಹಾಕಿ ಕೂರಿ, ನೆಲದ ಮೇಲೆ ಕೂತರೆ ಅರ್ಧ ಗಂಟೆಯಲ್ಲಿ ಕಾಲು ಮರಗಟ್ಟುತ್ತದೆ. ಮುಂದೆ ಬಲೆ ಕಟ್ಟಿ, ಆದರೆ ಜನವರಿಯಲ್ಲಿ ಹಸಿರು ಎಲೆ ಛಾಪಿಸಿದ ಬಲೆ ತರಬೇಡಿ, ಕಂದು ಬಣ್ಣದ್ದು ತನ್ನಿ. ಅದಕ್ಕೆ ಅದೇ ಹೊಲದ ಒಣ ಜೋಳದ ದಂಟು, ಬೇಲಿಯ ಒಣ ಹುಲ್ಲು ಸಿಕ್ಕಿಸುತ್ತಾ ಹೋಗಿ. ದಂಟನ್ನು ನೆಟ್ಟಗೆ ಸಾಲಾಗಿ ಸಿಕ್ಕಿಸದೆ ಓರೆಕೋರೆಯಾಗಿ ಸಿಕ್ಕಿಸಿ. ಸೂರು ಮೂರನೇ ಎರಡು ಭಾಗ ಮುಚ್ಚಿರಲಿ, ಮುಂದಿನ ಭಾಗದಲ್ಲಿ ಎದ್ದು ಈಡು ಹೊಡೆಯುವಷ್ಟು ಕಿಂಡಿ ಇರಲಿ. ರೈತನ ಮರದಿಂದ ಕೊಂಬೆ ಕಡಿಯುವ ಮುಂಚೆ ಅವನನ್ನು ಕೇಳಿ. ಕಾಡುಗುಲಾಬಿಯ ಪೊದೆ ಇದ್ದರೆ ಮರೆ ಚೆನ್ನ, ಆದರೆ ಮುಳ್ಳು ಜಾಕೆಟ್ ಹಿಡಿದುಕೊಂಡರೆ ಸರಿಯಾದ ಹೊತ್ತಿಗೆ ಏಳಲಾಗುವುದಿಲ್ಲ.

ಕಟ್ಟಿದ ಮೇಲೆ ಗೆಳೆಯನನ್ನು ಒಳಗೆ ಕೂರಿಸಿ, ನೀವು ಗೊಂಬೆಗಳಿರುವ ಜಾಗಕ್ಕೆ ಹೋಗಿ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಕಣ್ಣು ಕ್ಷಮಿಸುವುದನ್ನು ಫೋಟೊ ಕ್ಷಮಿಸುವುದಿಲ್ಲ. ಕನ್ನಡಕದ ಗಾಜು, ವಾಚು, ಥರ್ಮಾಸಿನ ಮುಚ್ಚಳ, ಕೋವಿಯ ನಳಿಗೆ, ಹಿಂದಿನವರು ಬಿಟ್ಟುಹೋದ ಕೆಂಪು ತೋಟಾ ಕೊಪ್ಪೆ, ಮಿನುಗುವುದೆಲ್ಲ ಅದರಲ್ಲಿ ಸಿಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದು ನೀವು ನೆರಳಿನಲ್ಲಿರಬೇಕು.

ಮುಖಕ್ಕೆ ಬಟ್ಟೆ, ಕೈಗೆ ಗವಸು ಕಡ್ಡಾಯ. ನಮ್ಮ ಮೈಬಣ್ಣ ಕಪ್ಪು, ಮರೆಗೆ ಅದೇ ಸಾಕು ಎಂದು ಒಬ್ಬ ಹುಡುಗ ವಾದಿಸಿದ. ಬಣ್ಣದ ಮಾತಲ್ಲ ಅದು, ಕಾಗೆ ಮುಖವನ್ನೇ ಓದುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರು. ಆಮೇಲೆ ಯಾರೇ ಆ ಮುಖವಾಡ ಹಾಕಿ ನಡೆದರೂ ಕಾಗೆಗಳು ಬೆನ್ನುಹತ್ತಿ ಬೈದವು. ಹೋಲಿಕೆಗೆಂದು ಇಟ್ಟಿದ್ದ ಇನ್ನೊಂದು ಮುಖವಾಡ ಆಗಿನ ಉಪಾಧ್ಯಕ್ಷ ಡಿಕ್ ಚೇನಿಯದ್ದು, ಅದರ ತಂಟೆಗೆ ಅಷ್ಟಾಗಿ ಬರಲಿಲ್ಲ. ವರ್ಷಗಳು ಕಳೆದರೂ ಗುಹಾಮಾನವನ ಮೇಲಿನ ಸಿಟ್ಟು ಇಳಿಯಲಿಲ್ಲ. ಹಿಡಿಸಿಕೊಳ್ಳದೇ ಇದ್ದ ಕಾಗೆಗಳೂ ಉಳಿದವನ್ನು ನೋಡಿ ಕಲಿತವು. ಇಂಥ ಹಕ್ಕಿಗೆ ಮುಖ ತೋರಿಸಿ ಏನು ಪ್ರಯೋಜನ?

ಒಳಗೆ ಕೂತ ಮೇಲೆ ಕತ್ತೆತ್ತಬೇಡಿ. ಸದ್ದು ಕೇಳಿದ ಕೂಡಲೇ ಎಲ್ಲರೂ ಮುಖ ಮೇಲೆ ಮಾಡುತ್ತಾರೆ, ಅಲ್ಲಿಗೆ ಆಟ ಮುಗಿಯುತ್ತದೆ. ಟೋಪಿಯ ಅಂಚಿನ ಕೆಳಗಿನಿಂದ ಕಣ್ಣು ಮಾತ್ರ ಹೊರಳಲಿ. ಕಾರನ್ನು ಕೊಟ್ಟಿಗೆಯ ಹಿಂದೆ, ರೈತನ ಗಾಡಿಗಳ ನಡುವೆ ನಿಲ್ಲಿಸಿ.

ಗೊಂಬೆ ಕಾಗೆ, ಗೊಂಬೆ ಗೂಬೆ

ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಕಾಗೆಯನ್ನು ಬಿಸಿಲಿಗೆ ಹಿಡಿದು ನೋಡಿ. ಬೆನ್ನ ಮೇಲೆ ಬಿಳಿ ಚುಕ್ಕೆಯೊಂದು ಹೊಳೆಯುತ್ತದೆ. ನಿಜವಾದ ಕಾಗೆಯ ಗರಿಯಲ್ಲೂ ಮಿಂಚಿದೆ, ಆದರೆ ಅದು ನೇರಳೆ-ನೀಲಿಯಾಗಿ ಮೈತುಂಬ ಹರಡಿಕೊಂಡಿರುತ್ತದೆ, ಒಂದೇ ಕಡೆ ಚುಚ್ಚುವುದಿಲ್ಲ. ದುಡ್ಡಿದ್ದರೆ ಮೈಮೇಲೆ ಮಖಮಲ್ಲಿನಂಥ ಸಣ್ಣ ನವಿರು ಅಂಟಿಸಿದ ಫ್ಲಾಕ್ಡ್ ಗೊಂಬೆ ಕೊಳ್ಳಿ, ಇಲ್ಲವಾದರೆ ಅಗ್ಗದ್ದಕ್ಕೇ ಮ್ಯಾಟ್ ಕಪ್ಪು ಸ್ಪ್ರೇ ಹೊಡೆದು ಎರಡು ದಿನ ವಾಸನೆ ಹೋಗುವಂತೆ ಹೊರಗಿಡಿ. ಚಳಿಗಾಲದ ಬೆಳಿಗ್ಗೆ ಇನ್ನೊಂದು ತೊಂದರೆ ಬರುತ್ತದೆ. ಕತ್ತಲಲ್ಲಿ ನಿಲ್ಲಿಸಿದ ಗೊಂಬೆಯ ಬೆನ್ನ ಮೇಲೆ ಬೆಳಕು ಹರಿಯುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೂದಿ ಬಳಿದಂತಾಗುತ್ತದೆ. ಜೀವ ಇರುವ ಹಕ್ಕಿಯ ಮೈಮೇಲೆ ಹಾಗೆ ಕೂರುವುದಿಲ್ಲ. ಮೊದಲ ಸಾಲು ಹಾರುವ ಮುಂಚೆ ಒಮ್ಮೆ ಹೋಗಿ ಎಲ್ಲವನ್ನೂ ತೋಳಿನಿಂದ ಒರೆಸಿ ಬನ್ನಿ.

ಗೊಂಬೆ ನಿಲ್ಲಿಸುವುದರಲ್ಲಿ ಎರಡು ಪದ್ಧತಿ ಇದೆ.

ಮೇಯುವ ಗುಂಪು ಕಾಣಿಸಬೇಕಾದರೆ ಒಂದು ಡಜನ್ ಸಾಕು. ಕೂಳೆ ಹೊಲದಲ್ಲಿ ಎರಡು, ಮೂರರಂತೆ ಚದುರಿಸಿ, ಹೆಚ್ಚಿನವು ಗಾಳಿಗೆ ಎದುರಾಗಿರಲಿ. ಮದುವೆ ಮನೆಯ ಪಂಕ್ತಿಯಂತೆ ಸಾಲಾಗಿ ಕೂರಿಸಬೇಡಿ. ಮುಖ್ಯವಾದದ್ದು ಕಾವಲುಗಾರ. ಮೇಯುವ ಕಾಗೆಗಳಲ್ಲಿ ಒಂದಾದರೂ ಎತ್ತರದಲ್ಲಿ ಕೂತು ಸುತ್ತ ನೋಡುತ್ತಿರುತ್ತದೆ. ಬೇಲಿ ಕಂಬದ ಮೇಲೋ ಬೋಳು ಕೊಂಬೆಯ ಮೇಲೋ ತಲೆ ಎತ್ತಿದ ಗೊಂಬೆಯೊಂದು ಇಲ್ಲದಿದ್ದರೆ ಕೆಳಗಿನ ಹನ್ನೆರಡನ್ನೂ ನಂಬುವುದಿಲ್ಲ. ಮೇಲೆ ಕೂರಿಸಲು ಉದ್ದಕ್ಕೆ ಎಳೆಯಬಹುದಾದ ಕೋಲಿನ ತುದಿಗೆ ಕೊಕ್ಕೆ ಕಟ್ಟಿಕೊಳ್ಳಿ, ಮರ ಹತ್ತುವ ಸಾಹಸ ಬೇಡ. ಈ ಪದ್ಧತಿ ನಿಧಾನ, ಸಂಜೆ ವಾಪಸಾಗುವ ದಾರಿಯಲ್ಲಿ ಚೆನ್ನಾಗಿ ನಡೆಯುತ್ತದೆ.

ಎರಡನೆಯದು ಜಗಳ, ನನಗೆ ಇಷ್ಟವಾದದ್ದು. ಇಲ್ಲಿಯ ಕೊಂಬಿನ ಗೂಬೆ ರಾತ್ರಿ ತಂಗಿದ ಕಾಗೆಯನ್ನು ಕೊಂಬೆಯಿಂದಲೇ ಎತ್ತಿಕೊಂಡು ಹೋಗುತ್ತದೆ. ಹಗಲು ಹೊತ್ತಿನಲ್ಲಿ ಅದು ಕಣ್ಣಿಗೆ ಬಿದ್ದರೆ ಕಾಗೆಗಳು ಸೇಡು ತೀರಿಸಿಕೊಳ್ಳುತ್ತವೆ, ದೂರದವೂ ಕೂಗು ಕೇಳಿ ಓಡಿ ಬರುತ್ತವೆ. ಪಾರಿವಾಳ ಓಡಿಸಲು ತೋಟದ ಅಂಗಡಿಗಳಲ್ಲಿ ಮಾರುವ ಪ್ಲಾಸ್ಟಿಕ್ ಗೂಬೆಯೇ ಸಾಕು, ತಲೆ ಗಾಳಿಗೆ ತಿರುಗುವಂಥದ್ದಾದರೆ ಇನ್ನೂ ಒಳ್ಳೆಯದು. ಆಳೆತ್ತರದ ಕಂಬದ ಮೇಲೆ, ಬಯಲಿನಲ್ಲಿ, ನಾಲ್ಕೂ ಕಡೆಯಿಂದ ಕಾಣುವಂತೆ ಇಡಿ. ಪೊದೆಯೊಳಗೆ ಬಚ್ಚಿಟ್ಟ ಗೂಬೆಯನ್ನು ಯಾರು ನೋಡಬೇಕು? ಅದರ ಸುತ್ತ ನಾಲ್ಕೈದು ಕಾಗೆ, ಎಲ್ಲವೂ ಗೂಬೆಯ ಕಡೆಗೇ ಮುಖ ಮಾಡಿರಲಿ. ಇಲ್ಲಿ ಗಾಳಿಯ ದಿಕ್ಕು ನೋಡಬೇಡಿ, ಜಗಳಕ್ಕೆ ನಿಂತವನು ಗಾಳಿ ನೋಡುವುದಿಲ್ಲ. ಗೂಬೆ ಮರಸಿನಿಂದ 20-25 ಗಜದಲ್ಲಿರಲಿ, ಅತಿ ದೂರದ ಗೊಂಬೆ 30 ಗಜದಲ್ಲಿರಲಿ. ಅದರಾಚೆ ಹಾರುವ ಕಾಗೆಗೆ ಈಡು ಹೊಡೆಯುವುದಿಲ್ಲ ಎಂದು ಮೊದಲೇ ಮಾತು ಮಾಡಿಕೊಳ್ಳಿ. ಗೊಂಬೆಗಳೇ ನಿಮಗೆ ಅಳತೆಗೋಲು.

ಕೆಲವೊಮ್ಮೆ ಕೆಂಪು ಬಾಲದ ಗಿಡುಗ ಬಂದು ಗೊಂಬೆಗೆ ಎರಗುತ್ತದೆ. ನೋಡಿ ಸಂತೋಷಪಡಿ, ಕೋವಿ ಮುಟ್ಟಬೇಡಿ. ಗಿಡುಗ, ಗೂಬೆ ಎಲ್ಲಕ್ಕೂ ಕಾನೂನಿನ ರಕ್ಷಣೆ ಇದೆ.

ಕೂಗು

ಬಾತುಕೋಳಿಗೆ ಎಲೆಕ್ಟ್ರಾನಿಕ್ ಕೂಗು ನಿಷೇಧ, ಕಾಗೆಗೆ ನಮ್ಮಲ್ಲಿ ಅಡ್ಡಿ ಇಲ್ಲ. ಫಾಕ್ಸ್‌ಪ್ರೊ ಎಂಬ ಕೂಗುವ ಯಂತ್ರಗಳು ತಯಾರಾಗುವುದು ಇದೇ ರಾಜ್ಯದ ಲೂಯಿಸ್‌ಟೌನ್‌ನಲ್ಲಿ, ಹಳೆಯದು ಕೈಬದಲಾಗಿ ಕಡಿಮೆ ಬೆಲೆಗೆ ಸಿಗುತ್ತದೆ. ಯಂತ್ರವನ್ನು ಮರಸಿನಲ್ಲಿ ಇಟ್ಟುಕೊಳ್ಳಬೇಡಿ. ಗೂಬೆಯ ಕಂಬದ ಬುಡದಲ್ಲಿಟ್ಟು ರಿಮೋಟ್ ನೀವು ಹಿಡಿದುಕೊಳ್ಳಿ. ಕಾಗೆ ಸದ್ದಿನ ಕಡೆ ನೋಡುತ್ತದೆ, ಸದ್ದು ನಿಮ್ಮ ಕಾಲ ಬಳಿಯಿಂದ ಬಂದರೆ ನೋಡುವುದು ನಿಮ್ಮನ್ನೇ.

ಬಾಯಿಂದ ಊದುವ ಮರದ ಪೀಪಿಯೂ ಜೇಬಿನಲ್ಲಿರಲಿ. ಅದನ್ನು ಸುಮ್ಮನೆ ಊದಿದರೆ ಮಕ್ಕಳ ತುತ್ತೂರಿಯ ಸದ್ದು ಬರುತ್ತದೆ. ಹೊಟ್ಟೆಯಿಂದ ಗುರುಗುಟ್ಟುತ್ತಾ ಉಸಿರು ತಳ್ಳಬೇಕು. ಸಮನಾಗಿ ಮೂರು ಸಲ ಕಾ, ಕಾ, ಕಾ ಎಂದರೆ ಇಲ್ಲಿದ್ದೇವೆ ಬನ್ನಿ ಎಂದಂತೆ. ಒರಟಾಗಿ, ಬೇಗ ಬೇಗ, ಒಂದರ ಮೇಲೊಂದು ಬಿದ್ದಂತೆ ಕೂಗಿದರೆ ಜಗಳ. ಆರಂಭದಲ್ಲಿ ದನಿ ತಗ್ಗಿಸಿರಲಿ. ಮುಂದಾಳು ಕಾಗೆ ಬಹಳ ಸಲ ಸದ್ದಿಲ್ಲದೆ ಬರುತ್ತದೆ, ಹಾಗಾಗಿ ಮೊದಲ ಕೂಗಿಗಿಂತ ಮುಂಚೆಯೇ ಕೋವಿಗೆ ತೋಟಾ ತುಂಬಿ ಸಿದ್ಧವಾಗಿರಿ. ಆ ಮೊದಲ ಕಾಗೆ ನಿಮ್ಮನ್ನು ಕಂಡು ಎಚ್ಚರಿಕೆಯ ಕೂಗು ಹಾಕಿತೆಂದರೆ ಯಂತ್ರ ಆಫ್ ಮಾಡಿ ಚಹಾ ಕುಡಿಯಿರಿ. ಕಾಲು ಗಂಟೆಯಲ್ಲಿ ಏನೂ ಬರದಿದ್ದರೆ ಆ ಜಾಗದಲ್ಲಿ ಬರುವುದಿಲ್ಲ, ಎರಡು ಮೈಲಿ ಆಚೆಯ ಇನ್ನೊಂದು ಹೊಲಕ್ಕೆ ಹೋಗಿ.

ಈಡು

12 ಬೋರಿನ ಸಾಮಾನ್ಯ ಕೋವಿ, ಎರಡೂ ಮುಕ್ಕಾಲು ಇಂಚಿನ ತೋಟಾ, 6 ಅಥವಾ ಏಳೂವರೆ ನಂಬರಿನ ಚರೆ (ತೋಟಾದೊಳಗಿನ ಸಣ್ಣ ಗುಂಡು), ಇಂಪ್ರೂವ್ಡ್ ಸಿಲಿಂಡರ್ ಚೋಕ್ (ಚರೆ ಎಷ್ಟು ಹರಡಬೇಕೆಂದು ಹಿಡಿತದಲ್ಲಿಡುವ ನಳಿಗೆಯ ಬಾಯಿ). ಇದಕ್ಕಿಂತ ದೊಡ್ಡದು ಬೇಡ. ರೆಕ್ಕೆ ಬಿಚ್ಚಿದರೆ ಮೂರು ಅಡಿ ಕಾಣುವ ಕಾಗೆ ತೂಗುವುದು ಅರ್ಧ ಕಿಲೋಗೂ ಕಡಿಮೆ, ಹೆಚ್ಚಿನದೆಲ್ಲ ಗರಿ. ಅದಕ್ಕೇ ಕಣ್ಣು ಮೋಸ ಹೋಗಿ ದೂರದ್ದು ಹತ್ತಿರ ಕಾಣುತ್ತದೆ.

ಹೊಡೆಯುವ ಮುಂಚೆ ಬಾಲ ನೋಡಿ. ಇಲ್ಲಿ ರೇವನ್ ಎಂಬ ದೊಡ್ಡ ಕಾಡುಕಾಗೆ ಇದೆ, ಅದನ್ನು ಹೊಡೆಯುವುದು ಅಪರಾಧ. ಹಾರುವಾಗ ಅದರ ಬಾಲದ ತುದಿ ಆಪಿನಂತೆ ಚೂಪು, ಕಾಗೆಯದ್ದು ಬೀಸಣಿಗೆಯಂತೆ ದುಂಡು. ಅದರ ದನಿ ಗಂಟಲಿನಾಳದ ಕ್ರಾಂಕ್, ರೆಕ್ಕೆ ಬಡಿಯದೆ ಗಿಡುಗನಂತೆ ತೇಲುವುದೂ ಹೆಚ್ಚು. ಅನುಮಾನ ಬಂದರೆ ಬಿಟ್ಟುಬಿಡಿ.

ತಗ್ಗಿನ ಈಡು ಬೇಡ, ಹಿನ್ನೆಲೆಯಲ್ಲಿ ಆಕಾಶವೇ ಇರಬೇಕು. ಈ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆ: ರಸ್ತೆಯಲ್ಲಿ ಆಮಿಶ್ ಕುದುರೆ ಗಾಡಿಯ ಗೊರಸಿನ ಸದ್ದು ಕೇಳಿದರೆ ಕೋವಿ ಕೆಳಗಿಳಿಸಿ, ಗಾಡಿ ಪೂರ್ತಿ ದಾಟುವವರೆಗೆ ಸುಮ್ಮನಿರಿ. ಈಡಿನ ಸದ್ದಿಗೆ ಬೆದರಿದ ಕುದುರೆ ಚರಂಡಿಗೆ ಇಳಿದರೆ ಒಳಗೆ ಮಕ್ಕಳಿರುತ್ತಾರೆ.

ಬಿದ್ದ ಹಕ್ಕಿ ಇನ್ನೂ ಒದ್ದಾಡುತ್ತಿದ್ದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಮುಗಿಸಿ. ಹಾರುವ ಇನ್ನೊಂದರ ಆಸೆಗೆ ಅದನ್ನು ಹಾಗೇ ಬಿಡುವವರನ್ನು ಎರಡನೇ ಸಲ ನಾನು ಕರೆದುಕೊಂಡು ಹೋಗುವುದಿಲ್ಲ.

ಆಮೇಲೆ

ಸತ್ತ ಕಾಗೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಜ್ವರ 1999ರಲ್ಲಿ ನ್ಯೂಯಾರ್ಕಿಗೆ ಬಂದಾಗ ಮೊದಲು ರಾಶಿರಾಶಿ ಸತ್ತದ್ದು ಕಾಗೆಗಳೇ, ಆ ರೋಗ ತಗುಲಿದ ಇಲ್ಲಿಯ ಕಾಗೆ ಉಳಿಯುವುದು ಅಪರೂಪ. ಸೊಳ್ಳೆಯ ಕಾಲವಾದ ಜುಲೈ-ಸೆಪ್ಟೆಂಬರ್‌ನಲ್ಲಿ ಇನ್ನಷ್ಟು ಜಾಗ್ರತೆ. ರಬ್ಬರ್ ಗವಸು ಹಾಕಿ, ದಪ್ಪ ಚೀಲದಲ್ಲಿ ಎಲ್ಲವನ್ನೂ ತುಂಬಿ, ರೈತ ತೋರಿಸಿದ ಜಾಗದಲ್ಲಿ ಆಳವಾಗಿ ಹೂಳಿ. ತಿನ್ನಬಹುದೇ ಎಂದು ಕೇಳುವವರಿಗೆ: ಇಲ್ಲಿಯ ಗೆಳೆಯರು ಎದೆಯ ಮಾಂಸ ಬಿಡಿಸಿ ಉಪ್ಪುನೀರಿನಲ್ಲಿ ನೆನೆಸಿ ಹುರಿಯುತ್ತಾರೆ. ಕೊಡಗಿನ ಹುಳಿ ಕಾಚಂಪುಳಿ ಹಾಕಿದರೆ ಏನಾದರೂ ಆದೀತು ಎಂದು ನಾನು ಹೇಳಿ ನೋಡಿದೆ, ಕಾಗೆ ಗ್ಯಾರೇಜಿನ ಹೊಸ್ತಿಲು ದಾಟಿದರೆ ತಾನು ಮಡಿಕೇರಿಗೆ ಟಿಕೆಟ್ ತೆಗೆಸುತ್ತೇನೆ ಎಂದಳು ಹೆಂಡತಿ. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಹೊಲದಲ್ಲಿ ಒಂದೂ ಹಕ್ಕಿ ಉಳಿಯದಂತೆ ನೋಡಿಕೊಳ್ಳಿ. ಸತ್ತ ಕಾಗೆಯ ಸುತ್ತ ಉಳಿದವು ಸೇರಿ ಗಲಾಟೆ ಮಾಡುವುದನ್ನು ಊರಲ್ಲೂ ನೋಡಿದ್ದೀರಿ. ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೇಲಿ ಸ್ವಿಫ್ಟ್ ಎಂಬಾಕೆ ಇದನ್ನೇ ಅಧ್ಯಯನ ಮಾಡಿ, ಸತ್ತ ಕಾಗೆಯನ್ನು ಕೈಯಲ್ಲಿ ಹಿಡಿದು ನಿಂತ ಮುಖವಾಡದ ಮನುಷ್ಯನನ್ನು ಕಾಗೆಗಳು ಆರು ವಾರದವರೆಗೂ ಗುರುತಿಟ್ಟು ಬೈದದ್ದನ್ನು 2015ರಲ್ಲಿ ಪ್ರಕಟಿಸಿದರು. ಹಾಗಾಗಿ ಒಂದು ಹೊಲದಲ್ಲಿ ಕೂತ ಮೇಲೆ ಕಡಿಮೆಯೆಂದರೂ ಆರು ವಾರ ಅದೇ ಬೇಲಿಗೆ ಹೋಗಬೇಡಿ, ಹೋದಾಗ ಮರಸನ್ನು ಹಳೆಯ ಜಾಗದಲ್ಲಿ ಕಟ್ಟಬೇಡಿ. ಋತುವಿಗೆ ಏಳೆಂಟು ಹೊಲಗಳ ಒಪ್ಪಿಗೆ ಬೇಕಾಗುವುದು ಇದಕ್ಕೇ. ಬಲೆ ಬಿಚ್ಚಿ, ತೋಟಾ ಕೊಪ್ಪೆಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಳ್ಳಿ, ದನದ ಮೇವಿನಲ್ಲಿ ಪ್ಲಾಸ್ಟಿಕ್ ಸೇರಿದರೆ ಮುಂದಿನ ಸಲ ಗೇಟು ತೆರೆಯುವುದಿಲ್ಲ. ಹೊರಡುವಾಗ ರೈತನಿಗೆ ಎಷ್ಟು ಬಿತ್ತು ಎಂದು ಹೇಳಿ, ಅವನ ಅಂಗಳದ ಮುಂದಿನ ಕಟ್ಟೆಯಲ್ಲಿ ಮೊಟ್ಟೆಯೋ ಆಲೂಗಡ್ಡೆಯೋ ಮಾರಾಟಕ್ಕಿದ್ದರೆ ಕೊಂಡುಕೊಳ್ಳಿ, ಅಲ್ಲೇ ಇಟ್ಟಿರುವ ಡಬ್ಬಿಗೆ ದುಡ್ಡು ಹಾಕಿ. ಚಿಲ್ಲರೆ ಕೊಡಲು ಅಲ್ಲಿ ಯಾರೂ ಇರುವುದಿಲ್ಲ, ಒಂದು ಡಾಲರಿನ ನೋಟುಗಳನ್ನು ಇಟ್ಟುಕೊಂಡು ಹೋಗಿ.